ಸಹಾಯ ಬೇಕು: ಗಂಡ ಹೆಂಡತಿ ಇಬ್ಬರಿಗೂ ಚುನಾವಣೆ ಡ್ಯೂಟಿ, ಮಗಳನ್ನು ಎಲ್ಲಿ ಬಿಡೋದು?

ಶಿಕ್ಷಕ ಬಂಧುಗಳಿಗೆ ನಮಸ್ಕಾರ. ನಾನು, ನಮ್ಮ ಯಜಮಾನರು ಇಬ್ಬರೂ ಸರ್ಕಾರಿ ಪ್ರೈಮರಿ ಶಾಲೆ ಮೇಷ್ಟ್ರುಗಳು. ಈ ಸಲ ಗ್ರಾಮ ಪಂಚಾಯಿತಿ ಚುನಾವಣೆಗೆ ಇಬ್ಬರಿಗೂ ಆರ್ಡರ್ ಬಂದಿದೆ. ಅವರು ಪಿಆರ್‌ಒ (ಮತಗಟ್ಟೆಯ ಮುಖ್ಯ ಅಧಿಕಾರಿ), ನಾನು ಪೋಲಿಂಗ್ ಆಫೀಸರ್. ಬೇರೆ ಬೇರೆ ಬೂತು.

ಮಗಳು ಒಂದನೇ ಕ್ಲಾಸು. ಅವಳ ಶಾಲೆಯೇ ಮತಗಟ್ಟೆ, ಹಾಗಾಗಿ ಮಸ್ಟರಿಂಗ್ ದಿನವೂ (ಮತದಾನದ ಹಿಂದಿನ ದಿನ ಸಿಬ್ಬಂದಿ ಸೇರಿ ಸಾಮಗ್ರಿ ತಗೊಂಡು ಬೂತಿಗೆ ಹೊರಡುವ ದಿನ) ರಜೆ, ಮತದಾನದ ದಿನವೂ ರಜೆ. ಊರಿಗೆಲ್ಲ ರಜೆ, ನಮಗೆ ಮಾತ್ರ ಡಬಲ್ ಡ್ಯೂಟಿ! ಬೆಳಿಗ್ಗೆ ಮಸ್ಟರಿಂಗ್‌ಗೆ ಹೋದರೆ ರಾತ್ರಿ ಬೂತಲ್ಲೇ ಮಲಗಬೇಕು. ಮರುದಿನ ಪೆಟ್ಟಿಗೆ ಒಪ್ಪಿಸಿ ಮನೆಗೆ ಬರುವಷ್ಟರಲ್ಲಿ ಎಷ್ಟು ಹೊತ್ತಾಗುತ್ತೆ ಅಂತ ನಿಮಗೇ ಗೊತ್ತಲ್ವಾ. 2024ರ ಲೋಕಸಭೆ ಚುನಾವಣೆ ಬೇಸಿಗೆ ರಜೆಯಲ್ಲಿ ಬಂದಿತ್ತು, ಮಗಳು ಅಜ್ಜಿ ಊರಲ್ಲಿದ್ದಳು, ಹೇಗೋ ನಡೆಯಿತು. ಈಗ ಅತ್ತೆಗೆ ಮಂಡಿ ಆಪರೇಷನ್ ಆಗಿದೆ, ಅವರನ್ನೇ ನೋಡಿಕೊಳ್ಳೋಕೆ ಜನ ಬೇಕು. ಪಕ್ಕದ ಮನೆಯವರು ಹಗಲು ನೋಡಿಕೊಳ್ಳುತ್ತಾರೆ, ರಾತ್ರಿ ಕಷ್ಟ ಅಂದರು.

ತಾಲೂಕು ಕಚೇರಿಗೆ ಇಬ್ಬರ ಆರ್ಡರ್ ಕಾಪಿ, ಮಗಳ ಆಧಾರ್ ಹಚ್ಚಿ ಅರ್ಜಿ ಕೊಟ್ಟೆ. ಮೆಡಿಕಲ್ ಕಾರಣ ಇದ್ದರೆ ಮಾತ್ರ ವಿನಾಯಿತಿ ಅಂದರು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿದರೆ ನಮ್ಮ ಕೈಲಿಲ್ಲ ಅಂತಾರೆ. ಸುಮ್ನೆ ಗೈರಾದರೆ ನೋಟಿಸ್ ಗ್ಯಾರಂಟಿ.

ದಂಪತಿಗಳಲ್ಲಿ ಒಬ್ಬರಿಗೆ ವಿನಾಯಿತಿ ಕೊಡಬಹುದು ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ಆದರೆ ಲೋಕಸಭೆ, ವಿಧಾನಸಭೆ ನಡೆಸೋದು ಭಾರತ ಚುನಾವಣಾ ಆಯೋಗ, ಪಂಚಾಯಿತಿ ನಡೆಸೋದು ರಾಜ್ಯ ಚುನಾವಣಾ ಆಯೋಗ. ನನ್ನ ಗೊಂದಲ ಇಲ್ಲೇ. ಪಂಚಾಯಿತಿ ಚುನಾವಣೆಯಲ್ಲಿ ಈ ಕಾರಣಕ್ಕೆ ಯಾರಿಗಾದರೂ ಡ್ಯೂಟಿ ರದ್ದಾಗಿದೆಯಾ? ಆಗಿದ್ದರೆ ಅರ್ಜಿ ಕೊಟ್ಟಿದ್ದು ತಹಶೀಲ್ದಾರರಿಗಾ, ಡಿಸಿ ಕಚೇರಿಗಾ? ಆದೇಶದ ಪ್ರತಿ ಇದ್ದರೆ ದಯವಿಟ್ಟು ಇಲ್ಲಿ ಹಾಕಿ.