ಕೀಲಿಮಣೆಯ ಸ್ವಿಚ್ಚು: ‘ಒತ್ತು’, ‘ತಗುಲು’, ‘ಬಿಡು’ – ಪದಗಳ ಬಗ್ಗೆ ಒಂದು ಕೋರಿಕೆ

ಮಾನ್ಯರೇ,

ಮೆಕ್ಯಾನಿಕಲ್ ಕೀಲಿಮಣೆಯ (ಪ್ರತಿ ಕೀಲಿಯ ಕೆಳಗೂ ಬೇರೆಬೇರೆ ಸ್ವಿಚ್ಚಿರುವ ಕಂಪ್ಯೂಟರ್ ಕೀಲಿಮಣೆಯ) ಸ್ವಿಚ್ಚು ಕೆಲಸ ಮಾಡುವ ಬಗೆಯನ್ನು ಕನ್ನಡದಲ್ಲಿ ವಿವರಿಸಲು ಹೊರಟಾಗ ‘ಒತ್ತು’ ಎಂಬ ಒಂದೇ ಕ್ರಿಯಾಪದ ಸಾಲದೆಂದು ಕಂಡುಬಂದಿದೆ. ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಚೆರ್ರಿ ಕಂಪನಿಯ ಎಂಎಕ್ಸ್ ಬಗೆಯ ಕೆಂಪು ಸ್ವಿಚ್ಚನ್ನೇ ನೋಡೋಣ (ಈ ಸ್ವಿಚ್ಚುಗಳ ಬಗೆಗಳನ್ನು ಬಣ್ಣದಿಂದ ಗುರುತಿಸುತ್ತಾರೆ). ಕೀಲಿಯ ಟೊಪ್ಪಿಗೆಯ ಕೆಳಗೆ ಪ್ಲಾಸ್ಟಿಕ್ಕಿನ ಕಾಂಡ, ಅದರಡಿ ಸುರುಳಿ ಸ್ಪ್ರಿಂಗು, ಪಕ್ಕದಲ್ಲಿ ಎರಡು ಲೋಹದ ಪಟ್ಟಿಗಳಿರುತ್ತವೆ. ಕೀಲಿ ಮೇಲಿರುವಾಗ ಕಾಂಡದ ಕಾಲುಗಳು ಬಾಗುವ ಪಟ್ಟಿಯನ್ನು ಇನ್ನೊಂದರಿಂದ ದೂರ ತಳ್ಳಿ ಹಿಡಿದಿರುತ್ತವೆ. ಕಾಂಡ ಇಳಿದಂತೆ ಆ ಕಾಲುಗಳ ಇಳಿಜಾರು ಸರಿದು, ಪಟ್ಟಿ ತನ್ನ ಬಿಗುವಿನಿಂದಲೇ ಹಿಂದಕ್ಕೆ ಚಿಮ್ಮಿ ಜೊತೆಯ ಪಟ್ಟಿಗೆ ತಗುಲುತ್ತದೆ. ಅಂದರೆ ಬೆರಳು ಪಟ್ಟಿಗಳನ್ನು ಒತ್ತಿ ಕೂಡಿಸುವುದಿಲ್ಲ, ಅವುಗಳ ನಡುವಿನ ತಡೆಯನ್ನು ತೆಗೆಯುತ್ತದಷ್ಟೆ. ಕೀಲಿ ಒಟ್ಟು 4 ಮಿ.ಮೀ.ನಷ್ಟು ಇಳಿಯುತ್ತದೆ, ಆದರೆ ಪಟ್ಟಿ ತಗುಲುವುದು ಸುಮಾರು 2 ಮಿ.ಮೀ. ಇಳಿದಾಗಲೇ. ‘ಕೀಲಿಯನ್ನು ಒತ್ತಿದಾಗ ಅಕ್ಷರ ಮೂಡುತ್ತದೆ’ ಎಂದರೆ ಈ ನಡುದಾರಿಯ ಘಟನೆ ಮರೆಯಾಗಿ, ತಳ ಮುಟ್ಟುವವರೆಗೂ ಅದುಮಬೇಕೆಂಬ ಅರ್ಥ ಬರುತ್ತದೆ.

ಆ ನಡುದಾರಿಯ ಹಂತವನ್ನು ಏನೆನ್ನಬೇಕು? ‘ಚಾಲನಾ ಬಿಂದು’ ಎಂದರೆ ಮೋಟಾರು ನೆನಪಾಗುತ್ತದೆ. ‘ಸಂಪರ್ಕಬಿಂದು’ ಎಂದರೆ ಪಟ್ಟಿಯ ಮೇಲಿರುವ ಚಿನ್ನದ ಪುಟ್ಟ ತುಣುಕೇ ಇರಬೇಕೆಂದು ಓದುಗರು ತಿಳಿಯುವ ಸಂಭವವಿದೆ. ‘ಸ್ಪರ್ಶ’ ಈಗಾಗಲೇ ಸ್ಪರ್ಶಪರದೆಯ ಪಾಲಾಗಿದೆ. (ಮುಟ್ಟುವಿಕೆಗೆ ‘ಸೋಂಕು’ ಎಂಬ ಸೊಗಸಾದ ಪದವಿತ್ತು, ಅದನ್ನು ಕಾಯಿಲೆಗೆ ಬಿಟ್ಟುಕೊಟ್ಟಾಗಿದೆ.) ನನ್ನ ಒಲವು ‘ತಗುಲುನೆಲೆ’ಯ ಕಡೆಗಿದೆ.

ತಗುಲಿದ ಪಟ್ಟಿ ಕೆಲವು ಮಿಲಿಸೆಕೆಂಡು ಅದುರುವುದಕ್ಕೆ ‘ಪುಟಿತ’ ಎಂದಿದ್ದೇನೆ, ಅದರಲ್ಲಿ ತೊಡಕಿಲ್ಲ. ತೊಡಕಿರುವುದು ಟಕ್ಕೆನ್ನುವ ನೀಲಿ ಸ್ವಿಚ್ಚಿನಲ್ಲಿ. ಅದರ ಕಾಂಡ ಎರಡು ತುಂಡಿನದು. ಸಡಿಲವಾಗಿ ಜಾರುವ ಬಿಳಿಯ ತುಂಡು ಪಟ್ಟಿಯ ತಡೆ ದಾಟಿದೊಡನೆ ಥಟ್ಟನೆ ಕೆಳಕ್ಕೆ ಬಡಿದು ಸದ್ದು ಮಾಡುತ್ತದೆ. ಈ ಸಡಿಲದಿಂದಾಗಿ ಕೀಲಿ ಮೇಲೇರುವಾಗ ಪಟ್ಟಿಗಳು ತಗುಲಿದ ಎತ್ತರದಲ್ಲೇ ಬೇರ್ಪಡದೆ, ಇನ್ನಷ್ಟು ಮೇಲೆ ಬಂದ ಬಳಿಕ ಬೇರ್ಪಡುತ್ತವೆ. ಈ ಎರಡನೆಯ ಎತ್ತರಕ್ಕೆ ‘ಬಿಡುನೆಲೆ’ ಎಂದರೆ ಬೆರಳನ್ನು ಕೀಲಿಯಿಂದ ತೆಗೆಯುವ ಜಾಗವೆಂಬ ಅಪಾರ್ಥಕ್ಕೆ ಎಡೆಯಾದೀತೆ? ‘ಕಳಚುನೆಲೆ’ ವಾಸಿಯೆ? ಎರಡು ನೆಲೆಗಳ ನಡುವಿನ ಅಂತರಕ್ಕೂ ಪದವೊಂದು ಬೇಕಾಗಿದೆ. ‘ಹಿಂದುಳಿತ’ ಎಂಬುದು ನನಗೇ ಒಪ್ಪಿಗೆಯಾಗಿಲ್ಲ.