ಪದಚರ್ಚೆ: ಗುಹೆಯೇ ಇಲ್ಲದ ಕಡೆ ‘ಗುಹಾಚಿತ್ರ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕಳೆದ ಜುಲೈನಲ್ಲಿ ಅಮ್ಮನನ್ನು ಕರೆದುಕೊಂಡು ಉತ್ತರ ಆಸ್ಟ್ರೇಲಿಯಾದ ಕಾಕಡು ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. ಅಲ್ಲಿನ ಉಬಿರ್ ಬಂಡೆಗಳ ಮೇಲೆ ಮೂಲನಿವಾಸಿಗಳು ಬರೆದ ಚಿತ್ರಗಳಿವೆ. ಆ ಫೋಟೊಗಳಿಗೆ ಈಗ ಕನ್ನಡದಲ್ಲಿ ಅಡಿಬರಹ ಬರೆಯುತ್ತಿದ್ದೇನೆ, ಕುಮಟಾದಲ್ಲಿರುವ ಅಮ್ಮನ ಗೆಳತಿಯರು ಓದಲಿ ಅಂತ. ಮೊದಲ ಸಾಲಿನಲ್ಲೇ ಕೈ ನಿಂತಿದೆ.

‘ಗುಹಾಚಿತ್ರ’ ಅಂತ ಬರೆದೆ. ಆದರೆ ಅಲ್ಲಿ ಗುಹೆ ಎಲ್ಲಿದೆ? ಬಂಡೆಯ ಮೇಲ್ಭಾಗ ಮನೆಯ ಸೂರಿನ ಹಾಗೆ ಮುಂದಕ್ಕೆ ಚಾಚಿದೆ. ಅದರ ಕೆಳಗಿನ ಕಲ್ಲಿನ ಗೋಡೆಯ ಮೇಲೆ ಚಿತ್ರ. ಮಳೆ ತಾಗುವುದಿಲ್ಲ, ಬೆಳಕು ಮಾತ್ರ ಚೆನ್ನಾಗಿ ಬೀಳುತ್ತದೆ. ಗುಹೆ ಅಂದ ತಕ್ಷಣ ಓದುವವರಿಗೆ ಕತ್ತಲು, ಬಾವಲಿ ನೆನಪಾಗುತ್ತೆ ಅಲ್ವಾ? ‘ಗವಿ’ ಅಂದರೂ ಅಷ್ಟೇ. ‘ಶಿಲಾಚಿತ್ರ’ ಅಂದರೆ ಕೆತ್ತಿದ್ದು ಅನ್ನಿಸುತ್ತದೆ, ಇವು ಬಣ್ಣದಲ್ಲಿ ಬರೆದವು. ಅಲ್ಲಿಯ ಬಿನಿಂಜ್ ಜನ ತಮ್ಮ ಭಾಷೆಯಲ್ಲಿ ‘ಗುನ್‌ಬಿಮ್’ ಅನ್ನುತ್ತಾರೆ.

ಸುಮ್ನೆ ಯಾವುದೋ ಒಂದು ಪದ ಹಾಕಿ ಮುಗಿಸಲು ಮನಸ್ಸಿಲ್ಲ. ತಪ್ಪು ಹೆಸರು ಒಮ್ಮೆ ಅಂಟಿದರೆ ಹೋಗುವುದಿಲ್ಲ. ಉಬಿರ್ ಪಕ್ಕದ ನದಿಯನ್ನೇ ನೋಡಿ, ಅದರ ಹೆಸರು ಈಸ್ಟ್ ಆಲಿಗೇಟರ್. ಅದರಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಮೊಸಳೆಯ ಹಾಗೇ ಕಾಣುವ ಬೇರೆ ಪ್ರಾಣಿಯಾದ ಆಲಿಗೇಟರ್ ಒಂದೂ ಇಲ್ಲ. 200 ವರ್ಷಗಳ ಹಿಂದೆ ಬಂದ ನಾವಿಕ ಫಿಲಿಪ್ ಪಾರ್ಕರ್ ಕಿಂಗ್ ಮೊಸಳೆಗಳನ್ನು ಆಲಿಗೇಟರ್ ಅಂದುಕೊಂಡು ಇಟ್ಟ ಹೆಸರು ಇವತ್ತಿಗೂ ನಡೆಯುತ್ತಿದೆ.

ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಚಿತ್ರಗಳ ಬಗ್ಗೆ ಬರೆಯುವವರು ‘ಕಲ್ಲಾಸರೆ’ ಎಂದು ಬಳಸುತ್ತಾರೆ. ಕಲ್ಲು ಕೊಟ್ಟ ಆಸರೆ. ನನಗಂತೂ ಈ ಪದ ತುಂಬಾ ಹಿಡಿಸಿದೆ. ಆದರೆ ‘ಕಲ್ಲಾಸರೆ ಚಿತ್ರ’ ಅಂದರೆ ಇತಿಹಾಸ ಓದದವರಿಗೂ ತಿಳಿಯುತ್ತದೆಯೇ? ನಿಮ್ಮ ಕಡೆ ಕುರಿ ಕಾಯುವವರು, ದನ ಮೇಯಿಸುವವರು ಮಳೆ ಬಂದಾಗ ನಿಲ್ಲುವ ಇಂಥ ಜಾಗಕ್ಕೆ ಬೇರೆ ಹೆಸರು ಇದೆಯೇ? ಇದ್ದರೆ ನನಗೆ ಅದು ಇನ್ನೂ ಜಾಸ್ತಿ ಇಷ್ಟ.

ಬಣ್ಣದ ಹೆಸರಿಗೆ ತೊಂದರೆಯಾಗಲಿಲ್ಲ. ಕಬ್ಬಿಣದ ಅಂಶವಿರುವ ಕೆಂಪು ಕಲ್ಲಿನ ಬಣ್ಣ ಅದು, ನಮ್ಮ ‘ಜಾಜು’ ಸರಿಯಾಗಿ ಕೂರುತ್ತದೆ.

ಇನ್ನೊಂದು ಪ್ರಶ್ನೆ. ಅಲ್ಲಿ ಬಾರಮುಂಡಿ ಮೀನಿನ ಚಿತ್ರವಿದೆ. ಹೊರಗಿನ ಗೆರೆಯ ಒಳಗೆ ಬೆನ್ನುಮೂಳೆ, ಹೊಟ್ಟೆಯೊಳಗಿನ ಭಾಗ ಎಲ್ಲವನ್ನೂ ಬಿಡಿಸಿ ಬರೆದಿದ್ದಾರೆ. ಅಮ್ಮ ತುಂಬಾ ಹೊತ್ತು ನೋಡಿ, “ಮೀನು ಕೊಯ್ದು ಗೊತ್ತಿದ್ದವರೇ ಬರೆದದ್ದು ಇದು” ಅಂದಳು. ಇದನ್ನು ಎಲ್ಲರೂ ಎಕ್ಸ್‌ರೇ ಶೈಲಿ ಅನ್ನುತ್ತಾರೆ. ರಾಂಟ್ಗೆನ್ ಆ ಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಇದ್ದ ಚಿತ್ರಕ್ಕೆ ಯಂತ್ರದ ಹೆಸರು ಯಾಕೆ? ‘ಒಳನೋಟ’ ಆಗಲೇ ಬೇರೆ ಅರ್ಥದಲ್ಲಿ ಬಳಕೆಯಲ್ಲಿದೆ. ‘ಒಳಮೈ ಚಿತ್ರ’ ಅಂದರೆ ಹೇಗೆ?

ಇದಕ್ಕಿಂತ ಒಳ್ಳೆಯದು ಹೊಳೆದರೆ ದಯವಿಟ್ಟು ತಿಳಿಸಿ. ಮೀನಿನ ಜೊತೆಗಿರುವ ಆಮೆಗೂ ಅದೇ ಪದ ಬೇಕು.