‘ಎರಡನೆಯ ಅವಕಾಶ’ಕ್ಕೆ ಒಪ್ಪುವ ಕನ್ನಡದ ಮಾತು ಯಾವುದು?

ಮಾನ್ಯರೆ,

ದೇವರ ಕರುಣೆಯನ್ನು ಕುರಿತ ಇಂಗ್ಲಿಷ್ ಧ್ಯಾನಪುಸ್ತಿಕೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮುಖಪುಟಕ್ಕೆ ‘ಎರಡನೆಯ ಅವಕಾಶಗಳ ದೇವರು’ ಎಂದು ಬರೆದಿಟ್ಟಿದ್ದೇನಾದರೂ, ಓದಿದಾಗಲೆಲ್ಲ ಅನುತ್ತೀರ್ಣರಾದವರನ್ನು ಮರುಪರೀಕ್ಷೆಗೆ ಕೂರಿಸುವ ದೇವರು ಎಂಬಂತೆ ಕೇಳಿಸುತ್ತದೆ. ಬೈಬಲಿನಲ್ಲಿ, ದೇವರ ಅಪ್ಪಣೆಗೆ ತಪ್ಪಿಸಿಕೊಂಡು ಓಡಿಹೋಗಿದ್ದ ಪ್ರವಾದಿ ಯೋನನಿಗೆ ದೇವರ ವಾಕ್ಯವು ಎರಡನೆಯ ಸಲ ಬಂದದ್ದು, ತನ್ನನ್ನು ಮೂರು ಸಲ ಅಲ್ಲಗಳೆದ ಶಿಷ್ಯ ಪೇತ್ರನನ್ನು ಯೇಸು ‘ನನ್ನನ್ನು ಪ್ರೀತಿಸುತ್ತೀಯೋ’ ಎಂದು ಮೂರು ಸಲ ಕೇಳಿ ತನ್ನ ಕುರಿಗಳನ್ನು, ಎಂದರೆ ತನ್ನ ಜನರನ್ನು, ಒಪ್ಪಿಸಿದ್ದು, ಇವೆರಡೇ ಪುಸ್ತಿಕೆಯ ಮುಖ್ಯ ಪ್ರಸಂಗಗಳು. ನಾಳೆ ಸಂಜೆ ಅಚ್ಚಿಗೆ ಹೋಗಬೇಕಾಗಿರುವುದರಿಂದ ಬೇಗ ತಿಳಿಸಿದರೆ ಉಪಕಾರವಾಗುತ್ತದೆ.

ಮರುನುಡಿ 1

ತೊಡಕಿರುವುದು ‘ಅವಕಾಶ’ದಲ್ಲಲ್ಲ, ‘ಕರುಣೆ’ಯಲ್ಲಿ. ಸಂಸ್ಕೃತದಿಂದ ಎರವಲು ತಂದ ಆ ಪದವನ್ನು ಬಿಟ್ಟು ‘ಕರುಳು’ ಎಂದು ಬರೆಯಿರಿ. ಬೈಬಲಿನ ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ, ಆಸ್ತಿಯನ್ನೆಲ್ಲ ಹಾಳುಮಾಡಿ ಹಿಂತಿರುಗುವ ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಕಂಡು ಕನಿಕರಪಟ್ಟನೆಂದು ಹೇಳುವ ಗ್ರೀಕ್ ಕ್ರಿಯಾಪದವು ಕರುಳು ಎಂಬ ಅರ್ಥದ ನಾಮಪದದಿಂದಲೇ ಹುಟ್ಟಿದೆ. ಕನಿಕರವೆಂಬ ಅರ್ಥದ ಹೀಬ್ರೂವಿನ ‘ರಹಮೀಮ್’ ಗರ್ಭವೆಂಬ ಅರ್ಥದ ‘ರೆಹೆಮ್’ಗೆ ನಂಟು. ‘ಹೆತ್ತ ಕರುಳು’ ಎನ್ನುವ ನಮ್ಮ ನುಡಿಗೆ ಇವೆರಡೂ ಎಷ್ಟು ಹತ್ತಿರವೆಂಬುದನ್ನು ವಿವರಿಸಬೇಕಾಗಿಲ್ಲ. ‘ಕರುಣೆ’ಯೂ ‘ಕರುಳಿ’ನಿಂದಲೇ ಹುಟ್ಟಿ ಸಂಸ್ಕೃತಕ್ಕೆ ಹೋಗಿರಬೇಕೆಂಬುದು ನನ್ನ ಬಹುಕಾಲದ ಎಣಿಕೆ. ‘ಮತ್ತೆ ಮಿಡಿಯುವ ಕರುಳು’ ಎಂದು ಅಚ್ಚು ಹಾಕಿಸಿ.

ಮರುನುಡಿ 2

ಎಣಿಕೆ ಆಧಾರವಲ್ಲ. ‘ಕರುಳ್’ ಎಂಬುದರ ‘ಳ್’ ಹೇಗೆ ‘ಣ’ಕಾರವಾಯಿತೆಂದು ತೋರಿಸದೆ, ಎರವಲೆಂದು ಮೊದಲು ಹೊರಗಟ್ಟಿದ ಪದವನ್ನೇ ಕೊನೆಗೆ ನಮ್ಮದೆಂದು ಒಳಗೆ ಕರೆಯುವುದು ಯಾವ ವ್ಯಾಕರಣ? ಕೃಪೆ, ರಕ್ಷಣೆ, ಸುವಾರ್ತೆ, ಸಭೆ, ಎಲ್ಲವೂ ಸಂಸ್ಕೃತದವು. ‘ಯೇಸು’ ಎಂಬ ಹೆಸರೇ ಹೀಬ್ರೂವಿನಿಂದ ಹೊರಟು ಗ್ರೀಕನ್ನು ದಾಟಿ ಬಂದದ್ದು. ಎರವಲನ್ನೆಲ್ಲ ತಳ್ಳಿದರೆ ಪ್ರಾರ್ಥನೆಗೆ ಮಾತೇ ಉಳಿಯುವುದಿಲ್ಲ, ‘ಪ್ರಾರ್ಥನೆ’ಯೂ ಉಳಿಯುವುದಿಲ್ಲ.

ಕೇಳಿದವರಿಗೆ ಬೇಕಾದದ್ದು ಮುಖಪುಟದ ಒಂದು ಸಾಲು. ‘ಅವಕಾಶ’ ಸಲ್ಲದೆಂಬ ಅವರ ಅನುಮಾನ ಸರಿಯಾಗಿದೆ, ಏಕೆಂದರೆ ಅವಕಾಶ ಕೊಟ್ಟವನು ಪಕ್ಕಕ್ಕೆ ಸರಿದು ಫಲಿತಾಂಶವನ್ನು ನೋಡುತ್ತಾನೆ. ಲೂಕನ 13ನೆಯ ಅಧ್ಯಾಯದಲ್ಲಿ, 3 ವರ್ಷ ಹಣ್ಣು ಬಿಡದ ಅಂಜೂರದ ಮರವನ್ನು ಕಡಿದುಹಾಕೆಂದು ಒಡೆಯನು ಹೇಳಿದಾಗ, ತೋಟಗಾರನು ಇನ್ನೊಂದು ವರ್ಷ ಬಿಡಬೇಕೆಂದು ಬೇಡಿಕೊಂಡು ಸುಮ್ಮನಾಗುವುದಿಲ್ಲ. ಬುಡವನ್ನು ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಕೆಲಸವು ಮರದ್ದಕ್ಕಿಂತ ಮೊದಲು ಅವನದು. ಪೇತ್ರನ ಪ್ರಸಂಗದಲ್ಲಿಯೂ, ಮೊದಲು ಕರೆಸಿಕೊಂಡ ಗಲಿಲಾಯದ ಸಮುದ್ರದ ದಡದಲ್ಲಿಯೇ, ಅಲ್ಲಗಳೆದ ಮೇಲೆ, ‘ನನ್ನನ್ನು ಹಿಂಬಾಲಿಸು’ ಎಂಬ ಮಾತು ಪುನಃ ಅವನ ಕಿವಿಗೆ ಬೀಳುತ್ತದೆ. ಯೋನನಿಗಾದರೂ ಬಂದದ್ದು ಕರೆಯೇ. ಆದ್ದರಿಂದ ‘ಮತ್ತೆ ಕರೆಯುವ ದೇವರು’ ಎಂದು ಹಾಕಿ.

ಕೇಳಿದವರು

ಇಬ್ಬರಿಗೂ ವಂದನೆಗಳು. ‘ಮತ್ತೆ ಕರೆಯುವ ದೇವರು’ ಎಂದೇ ಅಚ್ಚಿಗೆ ಕಳುಹಿಸುತ್ತಿದ್ದೇನೆ. ಕರುಳಿನ ವಿಚಾರವನ್ನು ತಂದೆ ಓಡಿಬರುವ ಪುಟದಲ್ಲಿ, ವ್ಯುತ್ಪತ್ತಿಯ ಗೋಜಿಲ್ಲದೆ, ಬಳಸಿಕೊಳ್ಳುತ್ತೇನೆ.

ಮರುನುಡಿ 1ರವರಿಂದ

‘ಮತ್ತೆ’, ‘ಕರೆಯುವ’ ಎರಡೂ ಅಚ್ಚಗನ್ನಡವಾದುದರಿಂದ ನನ್ನ ತಕರಾರಿಲ್ಲ. ‘ದೇವರು’ ಎಂಬುದರ ಬಗ್ಗೆ ಬೇರೆ ಓಲೆಯಲ್ಲಿ ಬರೆಯುತ್ತೇನೆ.